ಗ್ಯಾಲರಿಗೆಷ್ಟು, ಮಹಿಳಾ ತಂಡಕ್ಕೆಷ್ಟು? ಫುಟ್‌ಬಾಲ್ ಕ್ಲಬ್ಬುಗಳ ಖರ್ಚಿನ ಲೆಕ್ಕ

2024ರ ಮಧ್ಯಭಾಗದಲ್ಲಿ ಇಂಗ್ಲೆಂಡಿನ ಎರಡು ಫುಟ್‌ಬಾಲ್ ಕ್ಲಬ್ಬುಗಳು ತಮ್ಮ ಮಹಿಳಾ ತಂಡಗಳ ಬಗ್ಗೆ ತೀರ್ಮಾನ ಕೈಗೊಂಡವು. ಲಂಡನ್ನಿನ ಚೆಲ್ಸಿ ತನ್ನ ಮಹಿಳಾ ತಂಡವನ್ನು ತನ್ನದೇ ಮಾತೃಸಂಸ್ಥೆಗೆ ಸುಮಾರು 20 ಕೋಟಿ ಪೌಂಡಿಗೆ ಮಾರಿತು. ಲಂಡನ್ನಿನಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ ಸಿಗುವ ರೆಡಿಂಗ್ ಊರಿನ ಕ್ಲಬ್ಬು ಹಣದ ಮುಗ್ಗಟ್ಟಿನಿಂದಾಗಿ ತನ್ನ ಮಹಿಳಾ ತಂಡವನ್ನು ಎರಡನೇ ದರ್ಜೆಯ ಲೀಗಿನಿಂದ ಹಿಂದಕ್ಕೆ ಪಡೆದು ಐದನೇ ದರ್ಜೆಗೆ ಇಳಿಸಿತು. ಹಿಂದಿನ ವರ್ಷದವರೆಗೂ ಆ ತಂಡ ದೇಶದ ಅಗ್ರ ಲೀಗಿನಲ್ಲಿ ಆಡುತ್ತಿತ್ತು. ಒಂದು ಕಡೆ ಮಹಿಳಾ ತಂಡ ಪುರುಷರ ತಂಡದ ಲೆಕ್ಕ ಸರಿದೂಗಿಸಲು ನೆರವಾಯಿತು, ಇನ್ನೊಂದು ಕಡೆ ಪುರುಷರ ತಂಡದ ಸಾಲದ ಹೊರೆ ಮಹಿಳಾ ತಂಡದ ತಲೆಯ ಮೇಲೆ ಬಿತ್ತು. ಎರಡೂ ಕಡೆ ತೀರ್ಮಾನ ಮಾಡಿದವರು ಮಾಲೀಕರು. ಆಟಗಾರ್ತಿಯರಿಗಾಗಲಿ ಅಭಿಮಾನಿಗಳಿಗಾಗಲಿ ಅದನ್ನು ತಡೆಯುವ ಅಧಿಕಾರವಿರಲಿಲ್ಲ.

ಫುಟ್‌ಬಾಲ್ ಕ್ಲಬ್ಬಿನ ಹಣ ಎಲ್ಲಿಗೆ ಹೋಗುತ್ತದೆ ಎಂಬ ಚರ್ಚೆ ಸಾಮಾನ್ಯವಾಗಿ ತಾರಾ ಆಟಗಾರರ ಸಂಬಳ ಮತ್ತು ವರ್ಗಾವಣೆ ಶುಲ್ಕದ ಸುತ್ತಲೇ ಸುತ್ತುತ್ತದೆ. ಆ ಎರಡು ಬಾಬ್ತು ಕಳೆದ ಮೇಲೆ ಉಳಿಯುವುದರಲ್ಲಿ ಪಾಲು ಕೇಳುವವರು ಇಬ್ಬರು: ಗ್ಯಾಲರಿಯಲ್ಲಿ ಕೂರುವ ಅಭಿಮಾನಿ ಮತ್ತು ಅದೇ ಜೆರ್ಸಿ ತೊಟ್ಟು ಆಡುವ ಮಹಿಳಾ ತಂಡ. ಇಬ್ಬರಿಗೂ ಸಲ್ಲುವ ಹಣ ಕ್ಲಬ್ಬಿನ ಕಣ್ಣಿಗೆ ಬಹಳ ಕಾಲ ಔದಾರ್ಯದ ಖರ್ಚಾಗಿಯೇ ಕಂಡಿದೆ. ಕಳೆದ ನೂರು ವರ್ಷಗಳ ಅನುಭವ ಒಟ್ಟಾಗಿ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದು ಕಷ್ಟಕಾಲ ಬಂದಾಗ ಮೊದಲು ಹೋಗುತ್ತದೆ, ನಿಯಮದಲ್ಲಿ ಬರೆದದ್ದು ಉಳಿಯುತ್ತದೆ.

ಹಣದ ನೆಪದಲ್ಲೇ ಬಂದ ನಿಷೇಧ

ಮಹಿಳಾ ಫುಟ್‌ಬಾಲ್ ಈಚೆಗೆ ಹುಟ್ಟಿದ ಆಟ, ಅದಿನ್ನೂ ತನ್ನ ಪ್ರೇಕ್ಷಕರನ್ನು ಗಳಿಸಬೇಕಿದೆ ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ಇತಿಹಾಸ ಬೇರೆಯೇ ಹೇಳುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಗಂಡಸರು ರಣರಂಗಕ್ಕೆ ಹೋದಾಗ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ದುಡಿದ ಹೆಣ್ಣುಮಕ್ಕಳು ತಂಡ ಕಟ್ಟಿಕೊಂಡು ಆಡತೊಡಗಿದರು. ಪ್ರೆಸ್ಟನ್ ಪಟ್ಟಣದ ಡಿಕ್, ಕೆರ್ ಕಾರ್ಖಾನೆಯ ತಂಡ ಅವುಗಳಲ್ಲಿ ಹೆಸರುವಾಸಿ. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್‌ನಲ್ಲಿ ಆ ತಂಡದ ಆಟ ನೋಡಲು 53,000 ಜನ ಸೇರಿದ್ದರು. ಒಳಗೆ ಜಾಗ ಸಿಗದೆ ಸಾವಿರಾರು ಮಂದಿ ಹೊರಗೆ ಉಳಿದರು. ಟಿಕೆಟ್ಟಿನಿಂದ ಬಂದ ಮೂರು ಸಾವಿರಕ್ಕೂ ಹೆಚ್ಚು ಪೌಂಡ್ ಹಣ ಕೆಲಸ ಕಳೆದುಕೊಂಡ, ಅಂಗವಿಕಲರಾದ ಮಾಜಿ ಸೈನಿಕರ ನೆರವಿಗೆ ಹೋಯಿತು.

ಒಂದು ವರ್ಷ ತುಂಬುವ ಮೊದಲೇ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಸದಸ್ಯ ಕ್ಲಬ್ಬುಗಳ ಮೈದಾನಗಳಲ್ಲಿ ಹೆಣ್ಣುಮಕ್ಕಳು ಆಡದಂತೆ ನಿಷೇಧಿಸಿತು. ಈ ಆಟ ಹೆಂಗಸರಿಗೆ ಒಗ್ಗುವುದಿಲ್ಲ ಎಂಬುದು ಒಂದು ಕಾರಣ. ಎರಡನೆಯ ಕಾರಣ ಹಣ: ಗಳಿಕೆಯಲ್ಲಿ ಹೆಚ್ಚಿನ ಪಾಲು ಖರ್ಚಿಗೇ ಹೋಗುತ್ತಿದೆ, ದಾನಕ್ಕೆ ಸಾಕಷ್ಟು ಸಲ್ಲುತ್ತಿಲ್ಲ ಎಂಬ ದೂರು. ಪುರುಷರ ಕ್ಲಬ್ಬುಗಳಿಗೆ ಯಾರೂ ಕೇಳದ ಲೆಕ್ಕವನ್ನು ಈ ಕಾರ್ಮಿಕ ಹೆಣ್ಣುಮಕ್ಕಳಿಗೆ ಕೇಳಲಾಯಿತು. ನಿಷೇಧ ತೆರವಾಗಲು ಐವತ್ತು ವರ್ಷ ಬೇಕಾಯಿತು. ಪಶ್ಚಿಮ ಜರ್ಮನಿಯ ಫುಟ್‌ಬಾಲ್ ಸಂಸ್ಥೆಯೂ 1955ರಿಂದ 1970ರವರೆಗೆ ಇಂಥದೇ ನಿಷೇಧ ಹೇರಿತ್ತು. ಇಂಗ್ಲೆಂಡಿನ ಸಂಸ್ಥೆ ಕ್ಷಮೆ ಕೇಳಿದ್ದು 2008ರಲ್ಲಿ.

ಇಂದಿನ ಖರ್ಚಿನ ಚರ್ಚೆಗೆ ಈ ಹಿನ್ನೆಲೆ ಅತ್ಯಗತ್ಯ. ಪುರುಷರ ಫುಟ್‌ಬಾಲ್ ಆ ಐವತ್ತು ವರ್ಷಗಳಲ್ಲಿ ಮೈದಾನ ಕಟ್ಟಿಕೊಂಡಿತು, ಪ್ರಸಾರದ ಹಣ ಕಂಡಿತು, ತಲೆಮಾರಿನಿಂದ ತಲೆಮಾರಿಗೆ ಅಭಿಮಾನ ದಾಟಿಸಿತು. ಅದೇ ಅವಧಿಯಲ್ಲಿ ಮಹಿಳೆಯರ ಆಟಕ್ಕೆ ಬೀಗ ಬಿದ್ದಿತ್ತು. ಈಗ ಎರಡೂ ತಂಡಗಳ ಗಳಿಕೆಯನ್ನು ಪಕ್ಕಪಕ್ಕದಲ್ಲಿಟ್ಟು, ದುಡಿದಷ್ಟೇ ತಗೊಳ್ಳಿ ಎನ್ನುವುದು ನ್ಯಾಯವಾಗಲಾರದು.

ಟಿಕೆಟ್ಟಿನ ಬೆಲೆ, ಗ್ಯಾಲರಿಯ ಬಲ

ಮೊದಲು ಅಭಿಮಾನಿಯ ಪಾಲನ್ನು ನೋಡೋಣ. ದೊಡ್ಡ ಕ್ಲಬ್ಬಿಗೆ ಹಣ ಮೂರು ದಾರಿಯಲ್ಲಿ ಬರುತ್ತದೆ: ಪ್ರಸಾರ ಹಕ್ಕು, ಪ್ರಾಯೋಜಕರು ಮತ್ತು ವ್ಯಾಪಾರ, ಪಂದ್ಯದ ದಿನದ ಗಳಿಕೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 2025–26ರಿಂದ ನಾಲ್ಕು ವರ್ಷಗಳಿಗೆ ಬ್ರಿಟನ್ನಿನೊಳಗಿನ ಪ್ರಸಾರ ಹಕ್ಕನ್ನು 670 ಕೋಟಿ ಪೌಂಡಿಗೆ ಮಾರಿದೆ. ಟಿಕೆಟ್ಟು, ತಿಂಡಿ, ಪಾನೀಯ ಎಲ್ಲ ಸೇರಿದ ಪಂದ್ಯದ ದಿನದ ಗಳಿಕೆ ಲೀಗಿನ ಒಟ್ಟು ಆದಾಯದಲ್ಲಿ ಸರಿಸುಮಾರು ಏಳನೇ ಒಂದು ಭಾಗ. ಟಿಕೆಟ್ ದರ ತುಸು ಇಳಿಸಿದರೆ ಕ್ಲಬ್ಬು ಮುಳುಗಿಹೋಗುವುದಿಲ್ಲ, ಏರಿಸಿದರೆ ಆಟಗಾರರ ಸಂಬಳದ ಮೊತ್ತದ ಮುಂದೆ ಅದು ಲೆಕ್ಕಕ್ಕೂ ಬರುವುದಿಲ್ಲ. ಆದರೂ ಏರಿಕೆ ನಿಂತಿಲ್ಲ.

ಈ ಏರಿಕೆಯ ಬೇರು ಒಂದು ದುರಂತದಲ್ಲಿದೆ. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದ ನೂಕುನುಗ್ಗಲಿಗೆ ಸಿಕ್ಕಿ ಲಿವರ್‌ಪೂಲ್ ತಂಡದ 97 ಅಭಿಮಾನಿಗಳು ಪ್ರಾಣ ಕಳೆದುಕೊಂಡರು. ನಂತರ ಬಂದ ನ್ಯಾಯಮೂರ್ತಿ ಟೇಲರ್ ವರದಿ, ಪ್ರೇಕ್ಷಕರು ನಿಂತು ನೋಡುವ ಕಟ್ಟೆಗಳನ್ನು ತೆಗೆದು ಎಲ್ಲರಿಗೂ ಕುರ್ಚಿ ಹಾಕಬೇಕೆಂದು ಸೂಚಿಸಿತು. ಕುರ್ಚಿಯ ಬೆಲೆ ನಿಂತು ನೋಡುತ್ತಿದ್ದವರ ಕೈಗೆಟುಕುವಂತಿರಬೇಕೆಂದೂ ಅದೇ ವರದಿ ಹೇಳಿ, ಗ್ಲ್ಯಾಸ್ಗೋ ನಗರದ ಐಬ್ರಾಕ್ಸ್ ಮೈದಾನದ ಆರು ಪೌಂಡಿನ ಟಿಕೆಟ್ಟನ್ನು ಮಾದರಿಯಾಗಿ ತೋರಿಸಿತ್ತು. ಕುರ್ಚಿಯ ಶಿಫಾರಸು ಅಗ್ರ ದರ್ಜೆಯ ಕ್ಲಬ್ಬುಗಳಿಗೆ ಕಡ್ಡಾಯವಾಯಿತು. ಬೆಲೆಯ ಮಾತು ವರದಿಯ ಪುಟದಲ್ಲೇ ಉಳಿಯಿತು.

ಆಮೇಲೆ ಬೆಲೆಗೆ ಕಡಿವಾಣ ಬಿದ್ದದ್ದೆಲ್ಲ ಅಭಿಮಾನಿಗಳು ಬೀದಿಗಿಳಿದು ಗಳಿಸಿದ್ದು. 2016ರ ಫೆಬ್ರುವರಿ 6ರಂದು ಆನ್‌ಫೀಲ್ಡ್‌ನಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. ಹೊಸ ಸ್ಟ್ಯಾಂಡಿನಲ್ಲಿ ಅತಿ ದುಬಾರಿ ಟಿಕೆಟ್ಟಿಗೆ 77 ಪೌಂಡ್ ಎಂದು ಲಿವರ್‌ಪೂಲ್ ಕ್ಲಬ್ಬು ಪ್ರಕಟಿಸಿತ್ತು. ಸಂಡರ್ಲೆಂಡ್ ವಿರುದ್ಧದ ಪಂದ್ಯದ 77ನೇ ನಿಮಿಷಕ್ಕೆ ಸರಿಯಾಗಿ ಸಾವಿರಾರು ಜನ ಎದ್ದು ಹೊರನಡೆದರು. ಆಗ ಲಿವರ್‌ಪೂಲ್ ಎರಡು ಗೋಲುಗಳಿಂದ ಮುಂದಿತ್ತು. ಖಾಲಿ ಕುರ್ಚಿಗಳ ನಡುವೆ ಆಡಿದ ಕೊನೆಯ ಹದಿಮೂರು ನಿಮಿಷಗಳಲ್ಲಿ ಎರಡು ಗೋಲು ಬಿಟ್ಟುಕೊಟ್ಟು ಪಂದ್ಯ 2–2ರಲ್ಲಿ ಮುಗಿಯಿತು. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ಏರಿಕೆ ಕೈಬಿಟ್ಟರು.

ಅದೇ ವರ್ಷ ಪ್ರೀಮಿಯರ್ ಲೀಗ್ ಇನ್ನೊಂದು ಹೆಜ್ಜೆ ಇಟ್ಟಿತು. ತಮ್ಮ ತಂಡದ ಬೆನ್ನು ಹತ್ತಿ ಬೇರೆ ಊರಿಗೆ ಹೋಗುವ ಅಭಿಮಾನಿಗಳ ಟಿಕೆಟ್ಟಿಗೆ 30 ಪೌಂಡಿನ ಮಿತಿ ಹಾಕಿತು. ಅಭಿಮಾನಿ ಸಂಘಟನೆಗಳು ವರ್ಷಗಟ್ಟಲೆ ನಡೆಸಿದ ಚಳವಳಿಯ ಫಲ ಅದು. ಉಳಿದೆಲ್ಲದರ ಬೆಲೆ ಗಗನಕ್ಕೇರಿದರೂ ಈ ಮಿತಿ ಇಂದಿಗೂ ಅಲ್ಲಾಡಿಲ್ಲ. ಕಾರಣ ಸರಳ: ಅದು ಒಂದು ಕ್ಲಬ್ಬಿನ ಉದಾರತೆಗೆ ಬಿಟ್ಟದ್ದಲ್ಲ, ಇಪ್ಪತ್ತೂ ಕ್ಲಬ್ಬುಗಳಿಗೆ ಅನ್ವಯವಾಗುವ ನಿಯಮ.

ಸ್ವಂತ ಮೈದಾನದ ಟಿಕೆಟ್ಟಿಗೆ ಅಂಥ ರಕ್ಷಣೆ ಇಲ್ಲ. 2024ರ ಕೊನೆಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್, ಋತುವಿನ ನಡುವೆಯೇ, ಸದಸ್ಯರಿಗೆ ಮಾರಲು ಉಳಿದಿದ್ದ ಟಿಕೆಟ್ಟುಗಳಿಗೆಲ್ಲ 66 ಪೌಂಡಿನ ಒಂದೇ ದರ ಇಟ್ಟಿತು. ಮಕ್ಕಳಿಗೂ ಅಷ್ಟೇ, ಪಿಂಚಣಿ ಪಡೆಯುವ ಹಿರಿಯರಿಗೂ ಅಷ್ಟೇ. ಅಜ್ಜ ಮೊಮ್ಮಗಳನ್ನು ಕರೆದುಕೊಂಡು ಆಟಕ್ಕೆ ಹೋಗಬೇಕೆಂದರೆ 132 ಪೌಂಡ್. ಆ ದರಕ್ಕೆ ಒಳಪಟ್ಟ ಟಿಕೆಟ್ಟುಗಳ ಸಂಖ್ಯೆ ಸಣ್ಣದು, ಅದರಿಂದ ಬಂದ ಹಣವೂ ಆ ಕ್ಲಬ್ಬಿನ ಗಾತ್ರಕ್ಕೆ ಪುಡಿಗಾಸು. ಆದರೆ ಅಭಿಮಾನ ಮುಂದಿನ ತಲೆಮಾರಿಗೆ ದಾಟುವುದೇ ಹೀಗೆ ಜೊತೆಯಲ್ಲಿ ಕೂತು ನೋಡುವುದರಿಂದ. ಆ ಕೊಂಡಿಗೆ ಕತ್ತರಿ ಹಾಕಿ ಉಳಿಸುವ ಹಣಕ್ಕಿಂತ ನಾಳೆ ಕಳೆದುಕೊಳ್ಳುವುದು ದೊಡ್ಡದು.

ಗ್ಯಾಲರಿಯ ಬೆಲೆ ಏನೆಂದು ಕೋವಿಡ್ ಕಾಲ ಎಲ್ಲರಿಗೂ ಕಲಿಸಿತು. 2020ರ ಜೂನ್‌ನಲ್ಲಿ ಖಾಲಿ ಮೈದಾನಗಳಲ್ಲಿ ಪಂದ್ಯ ಮತ್ತೆ ಆರಂಭವಾದಾಗ ಟಿವಿ ವಾಹಿನಿಗಳು ಧ್ವನಿಮುದ್ರಿತ ಕೂಗಾಟವನ್ನು ಬೆರೆಸಿ ಪ್ರಸಾರ ಮಾಡಬೇಕಾಯಿತು. ಪ್ರಸಾರ ಹಕ್ಕಿನ ಹೆಸರಿನಲ್ಲಿ ಕ್ಲಬ್ಬು ಮಾರುವ ಸರಕಿನಲ್ಲಿ ಅಭಿಮಾನಿಯ ದನಿಯೂ ಸೇರಿದೆ. ಆ ದನಿಗೆ ಪ್ರತಿಫಲ ಸಿಗುವುದು ಹೋಗಲಿ, ದುಬಾರಿ ಟಿಕೆಟ್ಟಿನ ರೂಪದಲ್ಲಿ ಅವರೇ ಹಣ ತೆರುತ್ತಿದ್ದಾರೆ.

ಜರ್ಮನಿಯ ದಾರಿ ಮತ್ತು ಅದರ ಮಿತಿ

ಜರ್ಮನಿ ಈ ಪ್ರಶ್ನೆಗೆ ಮಾಲೀಕತ್ವದಲ್ಲಿ ಉತ್ತರ ಹುಡುಕಿತು. 1998ರಲ್ಲಿ ಕ್ಲಬ್ಬುಗಳು ಕಂಪನಿಯಾಗಲು ಅವಕಾಶ ಸಿಕ್ಕಾಗಲೇ ಮತಾಧಿಕಾರದ ಬಹುಪಾಲು ಸದಸ್ಯರ ಸಂಘದ ಕೈಯಲ್ಲೇ ಇರಬೇಕೆಂಬ ‘ಐವತ್ತು ಮತ್ತು ಒಂದು’ ನಿಯಮ ಬಂತು. ಲೆವರ್ಕುಸೆನ್, ವೋಲ್ಫ್ಸ್‌ಬರ್ಗ್‌ನಂಥ ಕೆಲವು ವಿನಾಯಿತಿಗಳಿವೆ. ಆದರೆ ಒಟ್ಟಾರೆ ಪರಿಣಾಮ ಕಣ್ಣಿಗೆ ಕಾಣುತ್ತದೆ. ಡಾರ್ಟ್‌ಮಂಡ್ ಮೈದಾನದ ದಕ್ಷಿಣದ ಕಟ್ಟೆಯಲ್ಲಿ ಇಂದಿಗೂ ಸುಮಾರು 25,000 ಜನ ನಿಂತು ಆಟ ನೋಡುತ್ತಾರೆ. ಅಲ್ಲಿ ಕುರ್ಚಿ ಹಾಕಿ ದರ ಏರಿಸಿದ್ದರೆ ಆದಾಯ ಹೆಚ್ಚುತ್ತಿತ್ತು, ಸದಸ್ಯರ ಮತವಿರುವ ಕ್ಲಬ್ಬಿಗೆ ಅದು ಸುಲಭವಲ್ಲ. ಲೀಗಿನ ವಾಣಿಜ್ಯ ಹಕ್ಕಿನಲ್ಲಿ ಹೊರಗಿನ ಹೂಡಿಕೆದಾರರಿಗೆ ಪಾಲು ಕೊಡುವ ಯೋಜನೆ ಬಂದಾಗ ದೇಶದಾದ್ಯಂತ ಅಭಿಮಾನಿಗಳು ಮೈದಾನಕ್ಕೆ ಟೆನಿಸ್ ಚೆಂಡುಗಳನ್ನು ಎಸೆದು ಪಂದ್ಯಗಳನ್ನು ನಿಲ್ಲಿಸಿದರು. 2024ರ ಫೆಬ್ರುವರಿಯಲ್ಲಿ ಲೀಗ್ ಆ ಯೋಜನೆಯನ್ನೇ ಕೈಬಿಟ್ಟಿತು.

ಪೂರ್ವ ಬರ್ಲಿನ್ನಿನ ಯೂನಿಯನ್ ಕ್ಲಬ್ಬಿನಲ್ಲಿ ಅಭಿಮಾನಿಗಳೇ ಖರ್ಚಿನ ಭಾರ ಹೊತ್ತರು. ಮೈದಾನ ದುರಸ್ತಿಗೆ ಹಣವಿಲ್ಲದಾಗ 2008–09ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಅಭಿಮಾನಿಗಳು ತಾವೇ ಸಿಮೆಂಟು, ಸಲಿಕೆ ಹಿಡಿದು ಕಟ್ಟೆ ಕಟ್ಟಿದರು. ಆ ಮೈದಾನದಲ್ಲಿ ಈಗ ಅವರ ಮಹಿಳಾ ತಂಡವೂ ಆಡುತ್ತದೆ. ಆ ತಂಡ 2025ರಲ್ಲಿ ದೇಶದ ಅಗ್ರ ಲೀಗಿಗೆ ಏರಿತು.

ಅಭಿಮಾನಿಗಳ ಕೈಗೆ ಅಧಿಕಾರ ಕೊಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂದು ನಂಬಿಬಿಡುವಂತೆಯೂ ಇಲ್ಲ. ಅಭಿಮಾನಿಗಳ ಕ್ಲಬ್ಬೆಂದು ಹೆಸರಾದ ಡಾರ್ಟ್‌ಮಂಡ್ ಮಹಿಳಾ ವಿಭಾಗ ಆರಂಭಿಸಿದ್ದು 2020ರ ಹೊತ್ತಿಗೆ. ಯಾರದೋ ಜಾಗ ಕೊಂಡುಕೊಳ್ಳದೆ ಜಿಲ್ಲಾ ಮಟ್ಟದ ಲೀಗಿನಿಂದ ಮೇಲೇರಲು ಹೊರಟಿದ್ದು ಮೆಚ್ಚಬೇಕಾದದ್ದೇ, ಆದರೆ ಅಲ್ಲಿಯವರೆಗಿನ ಇಷ್ಟು ವರ್ಷಗಳಲ್ಲಿ ಸದಸ್ಯರ ಮತ ಹೆಣ್ಣುಮಕ್ಕಳ ಪರವಾಗಿ ಚಲಾವಣೆಯಾಗಲಿಲ್ಲ. ಮತ್ತೊಂದೆಡೆ ಫ್ರಾಂಕ್‌ಫರ್ಟ್ ಮತ್ತು ಪಾಟ್ಸ್‌ಡಾಮ್‌ನ ಸ್ವತಂತ್ರ ಮಹಿಳಾ ಕ್ಲಬ್ಬುಗಳು ಯುರೋಪಿನ ಪ್ರಶಸ್ತಿಗಳನ್ನೇ ಗೆದ್ದಿದ್ದವು. ಪುರುಷರ ಕ್ಲಬ್ಬುಗಳ ಹಣ ಕಣಕ್ಕಿಳಿದ ಮೇಲೆ ಫ್ರಾಂಕ್‌ಫರ್ಟಿನ ತಂಡ 2020ರಲ್ಲಿ ಐನ್‌ಟ್ರಾಖ್ಟ್ ಕ್ಲಬ್ಬಿನೊಳಗೆ ವಿಲೀನವಾಯಿತು, ಪಾಟ್ಸ್‌ಡಾಮ್ 2023ರಲ್ಲಿ ಕೆಳಗಿಳಿಯಿತು. ಮಹಿಳಾ ತಂಡದ ಹಿತಕ್ಕೆ ಅದರದೇ ಆದ ರಕ್ಷಣೆ ಬೇಕು ಎಂಬುದು ಇಲ್ಲಿಂದ ಕಲಿಯಬೇಕಾದ ಪಾಠ.

ಹಣ ಹಾಕಿದಾಗ ಏನಾಯಿತು

ಮಹಿಳಾ ತಂಡಕ್ಕೆ ಹಣ ಹಾಕುವುದು ನಷ್ಟದ ಬಾಬ್ತು ಎಂಬ ವಾದವನ್ನು ಗಂಭೀರವಾಗಿಯೇ ಪರಿಶೀಲಿಸಬೇಕು. ಡೆಲಾಯ್ಟ್ ಸಂಸ್ಥೆಯ ಲೆಕ್ಕದಂತೆ 2023–24ರಲ್ಲಿ ಅತಿ ಹೆಚ್ಚು ಗಳಿಸಿದ 15 ಮಹಿಳಾ ತಂಡಗಳ ಒಟ್ಟು ಆದಾಯ 11.66 ಕೋಟಿ ಯೂರೊ. ಅದೇ ವರ್ಷ ರಿಯಲ್ ಮ್ಯಾಡ್ರಿಡ್ ಎಂಬ ಒಂದೇ ಕ್ಲಬ್ಬಿನ ಆದಾಯ 100 ಕೋಟಿ ಯೂರೊ ದಾಟಿತು. ಅಂತರ ಅಗಾಧ, ನಿಜ. ಆದರೆ ಹಣ ಮತ್ತು ಗಮನ ಎರಡನ್ನೂ ಕೊಟ್ಟ ಕಡೆಗಳಲ್ಲಿ ಏನಾಗಿದೆ ಎಂಬುದೂ ಕಣ್ಣೆದುರಿಗಿದೆ.

ಲಂಡನ್ನಿನ ಆರ್ಸೆನಲ್ ಮಹಿಳಾ ತಂಡವನ್ನು 1987ರಲ್ಲಿ ಕಟ್ಟಿದ ವಿಕ್ ಏಕರ್ಸ್ ಬಹಳ ಕಾಲ ಅದೇ ಕ್ಲಬ್ಬಿನ ಪುರುಷರ ತಂಡದ ಜೆರ್ಸಿ, ಬೂಟುಗಳ ಉಸ್ತುವಾರಿಯನ್ನೂ ನೋಡಿಕೊಳ್ಳುತ್ತಿದ್ದರು. ಅಂದರೆ ಆ ತಂಡ ನಿಂತದ್ದು ಒಬ್ಬ ನೌಕರನ ಛಲದ ಮೇಲೆ. ಕ್ಲಬ್ಬು ಪೂರ್ಣ ಮನಸ್ಸಿನಿಂದ ಕೈಜೋಡಿಸಿ ಪಂದ್ಯಗಳನ್ನು ದೊಡ್ಡ ಎಮಿರೇಟ್ಸ್ ಮೈದಾನಕ್ಕೆ ತಂದ ಮೇಲೆ, 2024ರ ಫೆಬ್ರುವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧದ ಪಂದ್ಯಕ್ಕೆ 60,160 ಜನ ಬಂದರು. ಅದು ಇಂಗ್ಲೆಂಡಿನ ಮಹಿಳಾ ಲೀಗಿನ ದಾಖಲೆ. 2025ರ ಮೇ ತಿಂಗಳಲ್ಲಿ ಲಿಸ್ಬನ್‌ನಲ್ಲಿ ಬಾರ್ಸಿಲೋನಾವನ್ನು 1–0ಯಿಂದ ಸೋಲಿಸಿ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದರು. ಸದಸ್ಯರ ಒಡೆತನದ ಬಾರ್ಸಿಲೋನಾ 2015ರಲ್ಲಿ ಮಹಿಳಾ ತಂಡವನ್ನು ವೃತ್ತಿಪರಗೊಳಿಸಿತ್ತು. ಏಳು ವರ್ಷಗಳಲ್ಲಿ ಕ್ಯಾಂಪ್ ನೌ ಮೈದಾನ ಎರಡು ಬಾರಿ 91,000ಕ್ಕೂ ಹೆಚ್ಚು ಪ್ರೇಕ್ಷಕರಿಂದ ತುಂಬಿತು. ಫ್ರಾನ್ಸಿನ ಲಿಯಾನ್ ಕ್ಲಬ್ಬಿನ ಅಧ್ಯಕ್ಷರಾಗಿದ್ದ ಜೀನ್ ಮಿಷೆಲ್ ಓಲಾಸ್ 2004ರಲ್ಲೇ ಮಹಿಳಾ ತಂಡವನ್ನು ಸೇರಿಸಿಕೊಂಡು ಹಣ ಹೂಡಿದ್ದರು. ಅದರ ಫಲ ಎಂಟು ಯುರೋಪಿಯನ್ ಪ್ರಶಸ್ತಿಗಳು.

ಎವರ್ಟನ್ ಕ್ಲಬ್ಬಿನ ತೀರ್ಮಾನವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. 2025ರಲ್ಲಿ ಅದರ ಪುರುಷರ ತಂಡ ನದಿದಂಡೆಯ ಹೊಸ ಕ್ರೀಡಾಂಗಣಕ್ಕೆ ಹೋದಾಗ ಹಳೆಯ ಗುಡಿಸನ್ ಪಾರ್ಕನ್ನು ಕೆಡವಿ ಹಾಕುವ ಯೋಜನೆಯಿತ್ತು. ಅದನ್ನು ಕೈಬಿಟ್ಟು ಮೈದಾನವನ್ನು ಮಹಿಳಾ ತಂಡಕ್ಕೇ ಕಾಯಂ ಆಗಿ ಕೊಡಲಾಯಿತು. 1921ರಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚಿದ ಮೈದಾನ ಈಗ ಅವರದೇ ಮನೆ.

ಮೈದಾನ ಕಣ್ಣಿಗೆ ಕಾಣುವ ಖರ್ಚು. ಕಾಣದ ಖರ್ಚು ಅಷ್ಟೇ ಮುಖ್ಯ. 2022ರ ನವೆಂಬರಿನಿಂದ ಮುಂದಿನ ಮೇ ತಿಂಗಳವರೆಗಿನ ಅವಧಿಯಲ್ಲಿ ಆರ್ಸೆನಲ್‌ನ ಬೆತ್ ಮೀಡ್, ವಿವಿಯಾನೆ ಮೀಡೆಮಾ, ಲಿಯಾ ವಿಲಿಯಮ್ಸನ್, ಲಾರಾ ವೀನ್‌ರಾಯ್ಟರ್ ನಾಲ್ವರಿಗೂ ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯಿತು. ಶಸ್ತ್ರಚಿಕಿತ್ಸೆಯಾಗಿ ಮೈದಾನಕ್ಕೆ ಮರಳಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯುವ ಗಾಯ ಅದು. ಪುರುಷರಿಗಿಂತ ಮಹಿಳೆಯರಿಗೆ ಈ ಗಾಯದ ಅಪಾಯ ಹಲವು ಪಟ್ಟು ಹೆಚ್ಚು ಎಂದು ವೈದ್ಯಕೀಯ ಅಧ್ಯಯನಗಳು ಹೇಳುತ್ತವೆ. ಆದರೂ ಆಟಗಾರ್ತಿಯರು ಬಹುಕಾಲ ಗಂಡಸರ ಪಾದಕ್ಕೆ ಹೊಲಿದ ಬೂಟು ತೊಟ್ಟು ಆಡಿದರು, ಗಂಡಸರ ದೇಹಕ್ಕೆ ರೂಪಿಸಿದ ಕಸರತ್ತು ಮಾಡಿದರು. ಒಳ್ಳೆಯ ಹುಲ್ಲುಹಾಸು, ಪೂರ್ಣಾವಧಿಯ ಫಿಸಿಯೋ, ಹೆಣ್ಣಿನ ಶರೀರದ ಬಗ್ಗೆ ತಿಳಿದ ವೈದ್ಯರು, ಹೆರಿಗೆ ರಜೆ: ಇವುಗಳಿಗೆ ಮಾಡುವ ಖರ್ಚು ಪತ್ರಿಕೆಯ ಮುಖಪುಟಕ್ಕೆ ಬರುವುದಿಲ್ಲ. ಒಂದು ಕ್ಲಬ್ಬು ತನ್ನ ಮಹಿಳಾ ತಂಡವನ್ನು ಎಷ್ಟರಮಟ್ಟಿಗೆ ತನ್ನದೆಂದುಕೊಂಡಿದೆ ಎಂದು ತಿಳಿಯಲು ನಾನು ಮೊದಲು ನೋಡುವುದು ಇವನ್ನೇ.

ಲೆಕ್ಕಪತ್ರದ ಚಮತ್ಕಾರ, ಕತ್ತರಿಯ ಸರದಿ

ಪ್ರೀಮಿಯರ್ ಲೀಗಿನ ಲಾಭ ಮತ್ತು ಸುಸ್ಥಿರತೆಯ ನಿಯಮ ಕ್ಲಬ್ಬುಗಳಿಗೆ ಮೂರು ವರ್ಷಗಳಲ್ಲಿ ಗರಿಷ್ಠ 10.5 ಕೋಟಿ ಪೌಂಡ್ ನಷ್ಟಕ್ಕೆ ಅವಕಾಶ ಕೊಟ್ಟಿತ್ತು. ಮಹಿಳಾ ತಂಡ, ಕಿರಿಯರ ಅಕಾಡೆಮಿ, ಸಮುದಾಯ ಕಾರ್ಯಗಳಿಗೆ ಮಾಡಿದ ಖರ್ಚನ್ನು ಆ ಲೆಕ್ಕದಿಂದ ಹೊರಗಿಡಲಾಗಿತ್ತು. ಆಶಯ ಒಳ್ಳೆಯದು: ಇಂಥ ಖರ್ಚಿಗೆ ಹೆದರಬೇಡಿ, ಧಾರಾಳವಾಗಿ ಮಾಡಿ ಎಂಬುದು. ಆದರೆ ತಂಡವನ್ನೇ ಮಾರಿ ಬಂದ ಹಣವನ್ನು ಲಾಭವೆಂದು ತೋರಿಸಲು ಅಡ್ಡಿಯಿರಲಿಲ್ಲ. ಚೆಲ್ಸಿ ಮಾಡಿದ್ದು ಅದನ್ನೇ. ಆ ಮಾರಾಟದಿಂದಾಗಿ 2023–24ರಲ್ಲಿ ಕ್ಲಬ್ಬು ತೆರಿಗೆಗೆ ಮುಂಚೆ 12.84 ಕೋಟಿ ಪೌಂಡ್ ಲಾಭ ತೋರಿಸಿತು. ಯುರೋಪಿನ ಫುಟ್‌ಬಾಲ್ ಒಕ್ಕೂಟ ತನ್ನೊಳಗೇ ಮಾರಿಕೊಂಡ ಇಂಥ ವ್ಯವಹಾರವನ್ನು ಆದಾಯವೆಂದು ಒಪ್ಪುವುದಿಲ್ಲ, 2025ರಲ್ಲಿ ಹಣಕಾಸು ನಿಯಮ ಮೀರಿದ್ದಕ್ಕೆ ಚೆಲ್ಸಿಗೆ ದಂಡ ಹಾಕಿತು. ಅಷ್ಟರಲ್ಲಿ ಆಸ್ಟನ್ ವಿಲ್ಲಾ, ಎವರ್ಟನ್ ಕೂಡ ತಮ್ಮ ಮಹಿಳಾ ತಂಡಗಳನ್ನು ಮಾಲೀಕರ ಬೇರೆ ಕಂಪನಿಗಳಿಗೆ ಮಾರಿದವು.

ಚೆಲ್ಸಿಗೆ ಸಲ್ಲಬೇಕಾದ ಮಾತನ್ನೂ ಹೇಳಬೇಕು. ಅದರ ಮಹಿಳಾ ತಂಡ 2020ರಿಂದ 2025ರವರೆಗೆ ಸತತ ಆರು ಬಾರಿ ಲೀಗ್ ಗೆದ್ದಿದೆ. ಕ್ಲಬ್ಬು ಆಟಗಾರ್ತಿಯರ ಮೇಲೆ ಧಾರಾಳವಾಗಿ ಹಣ ಹಾಕಿದೆ. ಮಾರಾಟದ ನಂತರ ಅಮೆರಿಕದ ಉದ್ಯಮಿ ಅಲೆಕ್ಸಿಸ್ ಒಹಾನಿಯನ್ ಸುಮಾರು 2 ಕೋಟಿ ಪೌಂಡ್ ಕೊಟ್ಟು ಅದರಲ್ಲಿ ಸಣ್ಣ ಪಾಲು ಕೊಂಡಿದ್ದಾರೆ. ಹಾಗಾಗಿ ತಂಡಕ್ಕೆ ಬೆಲೆಯೇ ಇಲ್ಲ ಎನ್ನುವಂತಿಲ್ಲ. ನನ್ನ ತಕರಾರು ಬೇರೆ: ಮಹಿಳಾ ತಂಡದ ಮಾರಾಟದಿಂದ ಹುಟ್ಟಿದ ಲಾಭ ಮಹಿಳಾ ತಂಡದ ಮೈದಾನಕ್ಕೋ ವೈದ್ಯರಿಗೋ ಮೀಸಲಾಗಬೇಕೆಂಬ ಕಟ್ಟುಪಾಡು ಎಲ್ಲೂ ಇಲ್ಲ.

ಹಣ ಕಡಿಮೆ ಬಿದ್ದಾಗ ಕತ್ತರಿ ಮೊದಲು ಎಲ್ಲಿ ಬೀಳುತ್ತದೆ ಎಂಬುದಕ್ಕೆ ರೆಡಿಂಗ್ ಒಂದೇ ಉದಾಹರಣೆಯಲ್ಲ. ಮ್ಯಾಂಚೆಸ್ಟರ್ ಯುನೈಟೆಡ್ 2005ರಲ್ಲಿ ಹಿರಿಯರ ಮಹಿಳಾ ತಂಡವನ್ನು ಮುಚ್ಚಿ ಮತ್ತೆ ಕಟ್ಟಿದ್ದು 2018ರಲ್ಲಿ. 2024ರ ಮೇ ತಿಂಗಳಲ್ಲಿ ಆ ತಂಡ ಎಫ್‌ಎ ಕಪ್ ಗೆದ್ದಿತು. ಅದಾದ ಕೆಲವೇ ವಾರಗಳಲ್ಲಿ ಪುರುಷರ ತಾಲೀಮು ಕಟ್ಟಡದ ನವೀಕರಣ ಶುರುವಾಗಿ, ಪುರುಷರ ತಂಡ ಮಹಿಳೆಯರ ಕಟ್ಟಡಕ್ಕೆ ಬಂತು, ಕಪ್ ಗೆದ್ದ ಹೆಣ್ಣುಮಕ್ಕಳು ತಾತ್ಕಾಲಿಕ ಶೆಡ್ಡುಗಳಿಗೆ ಹೋದರು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎನ್ನುವುದು ಇಂಥದನ್ನೇ.

ಪುಣೆಯ ವೆಂಕಿಸ್ ಸಮೂಹದ ಒಡೆತನದಲ್ಲಿರುವ ಬ್ಲ್ಯಾಕ್‌ಬರ್ನ್ ರೋವರ್ಸ್‌ನ ಕಥೆ ಇನ್ನೂ ನೋವಿನದು. ಇಂಗ್ಲೆಂಡಿಗೆ ಯುರೋಪಿಯನ್ ಚಾಂಪಿಯನ್ ಪಟ್ಟ ತಂದುಕೊಟ್ಟ ಎಲ್ಲಾ ಟೂನ್, ಕೀರಾ ವಾಲ್ಶ್, ಜಾರ್ಜಿಯಾ ಸ್ಟಾನ್‌ವೇ ಮೂವರೂ ಎಳೆವಯಸ್ಸಿನಲ್ಲಿ ಆಡಿ ಬೆಳೆದ ಕ್ಲಬ್ಬು ಅದು. ಎರಡನೇ ದರ್ಜೆಯ ಲೀಗಿನ ಸೌಲಭ್ಯ, ಸಂಬಳದ ಮಾನದಂಡಗಳಿಗೆ ಬೇಕಾದ ಹಣ ಹಾಕಲು ಒಪ್ಪದೆ 2025ರ ಮೇ ತಿಂಗಳಲ್ಲಿ ಕ್ಲಬ್ಬು ತಂಡವನ್ನು ಆ ಲೀಗಿನಿಂದ ಹಿಂದಕ್ಕೆ ಪಡೆಯಿತು. ಅದೇ ಹೊತ್ತಿನಲ್ಲಿ ವುಲ್ವ್ಸ್ ಕ್ಲಬ್ಬು ತನ್ನ ಮಹಿಳಾ ತಂಡದ ಬಡ್ತಿಗೆ ಅರ್ಜಿಯನ್ನೇ ಹಾಕಿರಲಿಲ್ಲ ಎಂಬುದು ಬಯಲಾಯಿತು. ಮಾನದಂಡ ಬಿಗಿಯಾದಾಗ ಕೆಲವು ಕ್ಲಬ್ಬುಗಳು ಮೇಲೇರುವ ಬದಲು ಕೈಚೆಲ್ಲುತ್ತವೆ ಎಂಬ ಎಚ್ಚರಿಕೆ ಇದು. ನಿಯಮದ ಜೊತೆಗೆ ಹಣದ ಹಂಚಿಕೆಯೂ ಇರಲೇಬೇಕು.

ಸರಿಸಮ ಎಂದವರು

ಇಂಗ್ಲೆಂಡಿನ ದಕ್ಷಿಣದ ಲೂಯಿಸ್ ಎಂಬ ಸಣ್ಣ ಪಟ್ಟಣದ ಕ್ಲಬ್ಬು ಸಮುದಾಯದ ಒಡೆತನದ್ದು. ಎಷ್ಟೇ ಹಣ ಹಾಕಿದರೂ ಒಬ್ಬರಿಗೆ ಒಂದೇ ಮತ. 2017ರಲ್ಲಿ ಪುರುಷರ ಮತ್ತು ಮಹಿಳೆಯರ ತಂಡಗಳಿಗೆ ಸಮಾನ ಬಜೆಟ್ ಎಂದು ಅದು ಘೋಷಿಸಿತು. ಎರಡೂ ತಂಡಗಳಿಗೆ ‘ಡ್ರಿಪ್ಪಿಂಗ್ ಪ್ಯಾನ್’ ಎಂಬ ಹಳೆಯ ಮೈದಾನ ಒಂದೇ, ತಾಲೀಮಿನ ಅವಕಾಶವೂ ಒಂದೇ. ಮಹಿಳಾ ತಂಡ ಎರಡನೇ ದರ್ಜೆಯ ಲೀಗಿನಲ್ಲಿ ದೊಡ್ಡ ಕ್ಲಬ್ಬುಗಳ ತಂಡಗಳ ಜೊತೆ ವರ್ಷಗಟ್ಟಲೆ ಆಡಿತು. 2024ರಲ್ಲಿ ಕೆಳಗಿಳಿಯಿತು. ಸಣ್ಣ ಕ್ಲಬ್ಬಿನೊಳಗಿನ ಸಮಾನತೆ ದೊಡ್ಡ ಕ್ಲಬ್ಬುಗಳ ಹಣದ ಬಲವನ್ನು ಎದುರಿಸಲು ಸಾಲದು ಎಂಬುದು ನಿಜ. ಆದರೆ ಸಮಾನ ಬಜೆಟ್ ಎಂಬುದು ಬಾಯಿಮಾತಲ್ಲ, ಆಡಳಿತ ಮಂಡಳಿಯ ಒಂದು ಠರಾವಿನಿಂದ ಸಾಧ್ಯವಾಗುವ ಕೆಲಸ ಎಂದು ಲೂಯಿಸ್ ತೋರಿಸಿಕೊಟ್ಟಿತು. ಕಪ್ ಪಂದ್ಯಗಳ ಬಹುಮಾನದ ತಾರತಮ್ಯದ ವಿರುದ್ಧ ಎದ್ದ ದನಿಗಳಲ್ಲಿ ಅದರದೂ ಒಂದು. ಮಹಿಳಾ ಎಫ್‌ಎ ಕಪ್ಪಿನ ಬಹುಮಾನ ನಿಧಿ 2022–23ರಲ್ಲಿ 30 ಲಕ್ಷ ಪೌಂಡಿಗೆ, ಮರುವರ್ಷ 60 ಲಕ್ಷಕ್ಕೆ ಏರಿತು. ಪುರುಷರ ನಿಧಿಗಿಂತ ಇದು ಇನ್ನೂ ಬಹಳ ಕಡಿಮೆ. ವಿಶ್ವಕಪ್ಪಿನ ಮಟ್ಟದಲ್ಲೂ ಹಾಗೆಯೇ: 2022ರ ಪುರುಷರ ವಿಶ್ವಕಪ್ಪಿಗೆ ಬಹುಮಾನ 44 ಕೋಟಿ ಡಾಲರ್, 2023ರ ಮಹಿಳೆಯರದ್ದಕ್ಕೆ 11 ಕೋಟಿ.

ಪುರುಷರ ಕ್ಲಬ್ಬಿನ ನೆರಳಿನಿಂದ ಹೊರಬಂದು ನಿಲ್ಲುವ ಪ್ರಯತ್ನವೂ ನಡೆದಿದೆ. ಮಿಲ್‌ವಾಲ್ ಕ್ಲಬ್ಬಿನಿಂದ 2019ರಲ್ಲಿ ಬೇರೆಯಾದ ಲಂಡನ್ ಸಿಟಿ ಲಯನೆಸಸ್ ತಂಡವನ್ನು ಅಮೆರಿಕದ ಉದ್ಯಮಿ ಮಿಷೆಲ್ ಕಾಂಗ್ ಕೊಂಡರು. ಅದು 2025ರಲ್ಲಿ ಅಗ್ರ ಲೀಗಿಗೆ ಏರಿತು. ಅಮೆರಿಕದ ಕನ್ಸಾಸ್ ಸಿಟಿಯಲ್ಲಿ ಮಹಿಳಾ ವೃತ್ತಿಪರ ತಂಡಕ್ಕಾಗಿಯೇ ಕಟ್ಟಿದ 11,500 ಆಸನಗಳ ಕ್ರೀಡಾಂಗಣ 2024ರಲ್ಲಿ ತೆರೆಯಿತು. ಇವು ಹುಮ್ಮಸ್ಸು ತರುವ ಬೆಳವಣಿಗೆಗಳೇ. ಆದರೂ ಒಬ್ಬ ಧನಿಕರ ಆಸಕ್ತಿಯ ಮೇಲೆ ನಿಂತ ತಂಡಕ್ಕೆ ಆ ಆಸಕ್ತಿ ಇರುವವರೆಗಷ್ಟೇ ಭದ್ರತೆ.

ನಿಯಮದ ಕಡೆಗೆ

2021ರ ಏಪ್ರಿಲ್‌ನಲ್ಲಿ ಯುರೋಪಿನ ಹನ್ನೆರಡು ಶ್ರೀಮಂತ ಕ್ಲಬ್ಬುಗಳು ತಮ್ಮದೇ ಸೂಪರ್ ಲೀಗ್ ಕಟ್ಟಲು ಹೊರಟವು. ಅಭಿಮಾನಿಗಳ ಆಕ್ರೋಶಕ್ಕೆ ಇಂಗ್ಲೆಂಡಿನ ಆರೂ ಕ್ಲಬ್ಬುಗಳು ಎರಡೇ ದಿನಗಳಲ್ಲಿ ಹಿಂದೆ ಸರಿದವು. ಆ ಆಘಾತದಿಂದಲೇ ಮಾಜಿ ಕ್ರೀಡಾ ಸಚಿವೆ ಟ್ರೇಸಿ ಕ್ರೌಚ್ ನೇತೃತ್ವದ ಪರಿಶೀಲನೆ ಹುಟ್ಟಿತು, ಅದರ ಶಿಫಾರಸಿನಂತೆ 2025ರ ಜುಲೈನಲ್ಲಿ ಬ್ರಿಟನ್ನಿನ ಫುಟ್‌ಬಾಲ್ ಆಡಳಿತ ಕಾಯ್ದೆ ಜಾರಿಗೆ ಬಂತು. ಪುರುಷರ ಫುಟ್‌ಬಾಲಿನ ಮೇಲಿನ ಐದು ದರ್ಜೆಗಳಿಗೆ ಈಗ ಸ್ವತಂತ್ರ ನಿಯಂತ್ರಕ ಸಂಸ್ಥೆಯಿದೆ. ಟಿಕೆಟ್ ದರ, ಲಾಂಛನ, ಜೆರ್ಸಿಯ ಬಣ್ಣದಂಥ ವಿಷಯಗಳಲ್ಲಿ ಕ್ಲಬ್ಬುಗಳು ಅಭಿಮಾನಿಗಳ ಮಾತು ಕೇಳಲೇಬೇಕು. ನೂರಾರು ಸಂಘಟನೆಗಳ ಶ್ರಮಕ್ಕೆ ಕಾನೂನಿನ ಬೆಂಬಲ ಸಿಕ್ಕ ಗಳಿಗೆ ಅದು.

ಮಹಿಳಾ ಫುಟ್‌ಬಾಲ್ ಆ ನಿಯಂತ್ರಕರ ವ್ಯಾಪ್ತಿಯ ಹೊರಗಿದೆ. ಮಾಜಿ ಆಟಗಾರ್ತಿ ಕರೆನ್ ಕಾರ್ನಿ 2023ರಲ್ಲಿ ಸಲ್ಲಿಸಿದ ವರದಿ ಮೇಲಿನ ಎರಡೂ ಲೀಗುಗಳು ಪೂರ್ಣ ವೃತ್ತಿಪರವಾಗಬೇಕೆಂದಿತು. ನಂತರ ಮಹಿಳಾ ಲೀಗುಗಳನ್ನು ನಡೆಸಲು ಕ್ಲಬ್ಬುಗಳ ಸ್ವತಂತ್ರ ಕಂಪನಿ ರೂಪುಗೊಂಡಿತು, ಅದಕ್ಕೆ ಪ್ರೀಮಿಯರ್ ಲೀಗ್ 2 ಕೋಟಿ ಪೌಂಡ್ ಬಡ್ಡಿಯಿಲ್ಲದ ಸಾಲ ಕೊಟ್ಟಿತು. 2025–26ರಿಂದ ಐದು ವರ್ಷಕ್ಕೆ 6.5 ಕೋಟಿ ಪೌಂಡಿನ ಪ್ರಸಾರ ಒಪ್ಪಂದವಾಗಿದೆ. ಇತ್ತ ದಕ್ಷಿಣ ಅಮೆರಿಕದಲ್ಲಿ 2019ರಿಂದ ಖಂಡದ ಅಗ್ರ ಕ್ಲಬ್ ಪಂದ್ಯಾವಳಿಯಾದ ಕೋಪಾ ಲಿಬರ್ಟಡೋರೆಸ್ ಆಡಬೇಕೆಂದರೆ ಕ್ಲಬ್ಬಿಗೆ ಮಹಿಳಾ ತಂಡ ಇರಲೇಬೇಕು. ಹೆಸರಿಗೊಂದು ತಂಡ ಮಾಡಿ ಮೂಗಿಗೆ ತುಪ್ಪ ಸವರುವ ಕ್ಲಬ್ಬುಗಳು ಇದ್ದೇ ಇರುತ್ತವೆ. ಆದರೂ ಬಾಗಿಲು ತೆರೆದ ಮೇಲೆ ಮುಚ್ಚುವುದು ಕಷ್ಟ.

ನಮ್ಮ ಕಂಠೀರವದಿಂದ ಕಂಡಂತೆ

ಭಾರತದಲ್ಲಿ ಈ ಪ್ರಶ್ನೆ ಬೆಂಗಳೂರಿನಲ್ಲೇ ಒಮ್ಮೆ ಎದುರಾಯಿತು. 2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪಂದ್ಯದ ಹೆಚ್ಚುವರಿ ಸಮಯದಲ್ಲಿ ಸುನಿಲ್ ಛೆಟ್ರಿ ಫ್ರೀ ಕಿಕ್ಕನ್ನು ಥಟ್ಟನೆ ಹೊಡೆದು ಗೋಲು ಗಳಿಸಿದರು. ಅದನ್ನು ಒಪ್ಪದೆ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ಹೊರನಡೆಯಿತು. ರಾಷ್ಟ್ರೀಯ ಫುಟ್‌ಬಾಲ್ ಒಕ್ಕೂಟ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಹಾಕಿತು. ಆ ಜೂನ್‌ನಲ್ಲಿ ಬ್ಲಾಸ್ಟರ್ಸ್ ದಂಡದ ಹೊರೆಯನ್ನು ಕಾರಣವಾಗಿ ಕೊಟ್ಟು ತನ್ನ ಮಹಿಳಾ ತಂಡವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಹೊರನಡೆದವರು ಗಂಡಸರು, ಬೆಲೆ ತೆತ್ತವರು ಅಂದು ಕಂಠೀರವಕ್ಕೆ ಕಾಲಿಡದಿದ್ದ ಹೆಣ್ಣುಮಕ್ಕಳು.

ಐಎಸ್‌ಎಲ್‌ನ ಹಣದ ಬೆಂಬಲವಿಲ್ಲದ ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ ಅದೇ 2023ರಲ್ಲಿ ಭಾರತೀಯ ಮಹಿಳಾ ಲೀಗಿನ ಫೈನಲ್ ತಲುಪಿ ಗೋಕುಲಂ ಕೇರಳಕ್ಕೆ ಸೋತಿತು. 2025ರ ಜುಲೈನಲ್ಲಿ ಭಾರತದ ಮಹಿಳಾ ತಂಡ ಥಾಯ್ಲೆಂಡನ್ನು ಅದರದೇ ನೆಲದಲ್ಲಿ 2–1ರಿಂದ ಸೋಲಿಸಿ ಏಷ್ಯನ್ ಕಪ್ಪಿಗೆ ಅರ್ಹತೆ ಗಳಿಸಿತು. ಸಂಗೀತಾ ಬಾಸ್ಫೋರ್ ಎರಡೂ ಗೋಲು ಹೊಡೆದರು. ಮರುತಿಂಗಳು, ಐಎಸ್‌ಎಲ್‌ನ ಭವಿಷ್ಯವೇ ಅತಂತ್ರವಾದಾಗ, ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿಯಿತು. ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿಗಳು ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಂಠೀರವದ ಪಶ್ಚಿಮ ಗ್ಯಾಲರಿಯನ್ನು ಹಾಡಿನಿಂದ ತುಂಬಿದ್ದಾರೆ. ಲೀಗು ನಡೆಯುತ್ತದೋ ಇಲ್ಲವೋ ಎಂಬ ತೀರ್ಮಾನದಲ್ಲಿ ಅವರಿಗೆ ಪಾತ್ರವೇ ಇರಲಿಲ್ಲ.

ನಮ್ಮಲ್ಲಿ ಲೀಗಿನ ಹೊಸ ವ್ಯವಸ್ಥೆಯ ಬಗ್ಗೆ ಮಾತು ನಡೆಯುತ್ತಿರುವ ಹೊತ್ತಿನಲ್ಲಿ ಹೊರಗಿನ ಅನುಭವದಿಂದ ಮೂರು ವಿಷಯಗಳನ್ನು ಪರವಾನಗಿಯ ಷರತ್ತಿನಲ್ಲೇ ಬರೆಯಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಒಂದು, ಮಹಿಳಾ ತಂಡದ ಆದಾಯ ಮತ್ತು ಖರ್ಚನ್ನು ಪ್ರತಿ ಕ್ಲಬ್ಬೂ ಪ್ರತ್ಯೇಕವಾಗಿ ಪ್ರಕಟಿಸಬೇಕು; ಪುರುಷರ ತಂಡದ ದಂಡ, ಸಾಲಗಳನ್ನು ಆ ಖಾತೆಯಿಂದ ತುಂಬುವಂತಿರಬಾರದು. ಎರಡು, ಲೀಗಿನ ಪ್ರಸಾರ ಮತ್ತು ಪ್ರಾಯೋಜಕತ್ವದ ಹಣದಲ್ಲಿ ಒಂದು ನಿಗದಿತ ಪಾಲು ಮಹಿಳಾ ತಂಡಗಳ ಸಂಬಳ, ವೈದ್ಯಕೀಯ ವ್ಯವಸ್ಥೆ, ತಾಲೀಮು ಮೈದಾನಕ್ಕೆ ಮೀಸಲಾಗಬೇಕು. ಕಿಕ್‌ಸ್ಟಾರ್ಟ್‌ನಂಥ ಸ್ವತಂತ್ರ ಕ್ಲಬ್ಬುಗಳಿಗೂ ಅದು ತಲುಪಬೇಕು. ಮೂರು, ಟಿಕೆಟ್ ದರ, ಮೈದಾನ ಬದಲಾವಣೆ, ತಂಡ ಮುಚ್ಚುವ ನಿರ್ಧಾರಗಳಿಗೆ ಮುನ್ನ ಅಭಿಮಾನಿ ಪ್ರತಿನಿಧಿಗಳ ಜೊತೆ ಚರ್ಚೆ ಕಡ್ಡಾಯವಾಗಬೇಕು.

ಇವಕ್ಕೆ ಬೇಕಾಗುವ ಹಣ ದೊಡ್ಡ ಕ್ಲಬ್ಬೊಂದು ಒಬ್ಬ ಆಟಗಾರನ ವರ್ಗಾವಣೆಗೆ ಸುರಿಯುವ ಮೊತ್ತದ ಮುಂದೆ ಅಲ್ಪ. ಕೊರತೆ ಇರುವುದು ಕಟ್ಟುಪಾಡಿನದು. 30 ಪೌಂಡಿನ ಟಿಕೆಟ್ ಮಿತಿ ಉಳಿದಿದೆ, ಬ್ಲ್ಯಾಕ್‌ಬರ್ನಿನ ಹೆಣ್ಣುಮಕ್ಕಳ ತಂಡ ಆ ಲೀಗಿನಲ್ಲಿ ಉಳಿಯಲಿಲ್ಲ. ಮೊದಲನೆಯದು ಯಾವ ಮಾಲೀಕರೂ ಒಬ್ಬರೇ ಕೂತು ಅಳಿಸಲಾಗದ ನಿಯಮ, ಎರಡನೆಯದು ಒಬ್ಬ ಮಾಲೀಕರ ಇಚ್ಛೆಗೆ ಬಿಟ್ಟ ಖರ್ಚು. ಭಾರತದ ಫುಟ್‌ಬಾಲ್ ತನ್ನ ಮುಂದಿನ ನಿಯಮಾವಳಿ ಬರೆಯುವಾಗ ಅಭಿಮಾನಿಯನ್ನೂ ಆಟಗಾರ್ತಿಯನ್ನೂ ಮೊದಲ ಪುಟದಲ್ಲೇ ಸೇರಿಸಬೇಕು. ಆಮೇಲೆ ಸೇರಿಸಿಕೊಳ್ಳುತ್ತೇವೆ ಎಂದ ದೇಶಗಳು ಎಷ್ಟು ತಲೆಮಾರುಗಳನ್ನು ಕಳೆದುಕೊಂಡವು ಎಂಬುದು ನಮಗೆ ಗೊತ್ತಿದೆ.